ಸುಳ್ಳಿಗೂ ಒಂದು ಮರ್ಯಾದೆ

ಪೋಕರ್ ಮೇಜಿನ ಮರ್ಯಾದೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ ಎಂದು ಅಧ್ಯಾಪಕರ ಕೊಠಡಿಯಲ್ಲಿ ಬಾಯಿತಪ್ಪಿ ಹೇಳಿದ್ದೇ ತಡ, ಇಬ್ಬರು ಮಿತ್ರರು ನಕ್ಕುಬಿಟ್ಟರು. ಅವರಲ್ಲಿ ಒಬ್ಬರು ಜನ್ಮದಲ್ಲಿ ಇಸ್ಪೀಟಿನ ಎಲೆ ಮುಟ್ಟದ ಸಂಭಾವಿತರು. "ಜೂಜಿಗೆ ಎಂಥ ಮರ್ಯಾದೆ ಸ್ವಾಮಿ? ಕಳ್ಳರ ಸಂತೆಯಲ್ಲಿ ತಕ್ಕಡಿ ಪರೀಕ್ಷೆಯೆ?" ಎಂದರು. ಇನ್ನೊಬ್ಬರು ಹೊಸಕಾಲದವರು, ಯಾವುದರಲ್ಲಿಯೂ ಫಲವನ್ನು ನೋಡುವವರು. "ಆಟ ಎಂದಮೇಲೆ ಗೆಲ್ಲುವುದೇ ಮರ್ಯಾದೆ. ನಿಯಮ ಮುರಿಯದಿದ್ದರೆ ಆಯಿತು, ಮಿಕ್ಕದ್ದೆಲ್ಲ ದಾಕ್ಷಿಣ್ಯ" ಎಂದರು. ಈ ಇಬ್ಬರೂ ಇಪ್ಪತ್ತು ವರ್ಷಗಳಲ್ಲಿ ಒಂದು ವಿಷಯದಲ್ಲಾದರೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಇಸ್ಪೀಟಿನ ಮೇಜಿನಲ್ಲಿ ಮರ್ಯಾದೆಗೆ ಜಾಗವಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ರಾಗ. ಇಬ್ಬರ ಮಾತೂ ತಪ್ಪು ಎಂಬುದು ನನ್ನ ವಾದ.

ವಾದಕ್ಕೆ ಮೊದಲು ಅದಕ್ಕೆ ಕಾರಣವಾದ ಪ್ರಸಂಗವನ್ನು ಹೇಳಿಬಿಡುವುದು ಮೇಲು. ನಾವು ಆರು ಮಂದಿ ಸ್ನೇಹಿತರು ಭಾನುವಾರ ಮಧ್ಯಾಹ್ನ ವೈದ್ಯಮಿತ್ರರೊಬ್ಬರ ಮನೆಯಲ್ಲಿ ಸೇರುತ್ತೇವೆ. ಹಣದ ಮಾತಿಲ್ಲ; ತಲೆಗೆ ಐವತ್ತು ಬೆಂಕಿಕಡ್ಡಿ. ಸಂಜೆಯ ಹೊತ್ತಿಗೆ ಯಾರ ಮುಂದೆ ಕಡ್ಡಿ ಎಲ್ಲರಿಗಿಂತ ಕಡಮೆಯೋ ಅವರು ಮಿಕ್ಕವರಿಗೆ ದೋಸೆ ಕಾಫಿ ಕೊಡಿಸಬೇಕು. ನಮ್ಮಲ್ಲಿ ಹಿರಿಯರೆಂದರೆ ನಿವೃತ್ತ ಹೆಡ್‌ಮಾಸ್ತರೊಬ್ಬರು. ಎಪ್ಪತ್ತು ದಾಟಿದವರು, ಮನೆಯಲ್ಲಿ ಒಬ್ಬರೇ. ಆ ಮೂರು ಗಂಟೆಗಾಗಿ ಅವರು ವಾರವೆಲ್ಲ ಕಾಯುತ್ತಿದ್ದರೆಂದು ನಮಗೆ ಗೊತ್ತಿತ್ತು.

ಪೋಕರ್ ಅರಿಯದ ಓದುಗರಿಗಾಗಿ ಆಟದ ಹದವನ್ನು ಇಷ್ಟರಲ್ಲಿ ಹೇಳುತ್ತೇನೆ. ನಾವು ಆಡುವ ಬಗೆಯಲ್ಲಿ ಒಬ್ಬೊಬ್ಬರಿಗೆ ಎರಡೆರಡು ಎಲೆ, ಇತರರಿಗೆ ಕಾಣದಂತೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಕಂತುಕಂತಾಗಿ ತೆರೆದುಕೊಳ್ಳುತ್ತವೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಒಂದೊಂದು ಕಂತಿಗೂ ಪಣ. ಎದುರಿನವನು ಇಟ್ಟಷ್ಟನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೆ ಎಲೆ ಬಿಸುಟು ಹಿಂದೆ ಸರಿಯಬಹುದು. ಕೊನೆಯವರೆಗೆ ಉಳಿದವರಲ್ಲಿ ಯಾರ ಐದೆಲೆ ಉತ್ತಮವೋ ರಾಶಿ ಅವರದು. ಎಲ್ಲರೂ ಹಿಂದೆ ಸರಿದು ಒಬ್ಬನೇ ಉಳಿದರೆ, ಅವನ ಕೈಯಲ್ಲಿ ಏನೂ ಇಲ್ಲದಿದ್ದರೂ ರಾಶಿ ಅವನದೇ. ಆಟದ ಸೊಗಸೆಲ್ಲ ಈ ಕೊನೆಯ ಮಾತಿನಲ್ಲಿದೆ. ಏನೂ ಇಲ್ಲದವನು ಎಲ್ಲ ಇದ್ದವನಂತೆ ಪಣವಿಟ್ಟು ಹೆದರಿಸುವುದಕ್ಕೆ ಬ್ಲಫ್ ಎಂದು ಹೆಸರು.

ಆ ಭಾನುವಾರ ವೈದ್ಯರ ಅಕ್ಕನ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತರುಣ, ನಮ್ಮ ಜೊತೆ ಕುಳಿತ. ಆಟ ಬಲ್ಲವನೇ, ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವನು. ಕೊನೆಯ ಆಟಕ್ಕೆ ಮೇಷ್ಟರೂ ಅವನೂ ಇಬ್ಬರೇ ಉಳಿದರು. ನಡುವಿನ ಐದು ಎಲೆ: ಎಕ್ಕ, ರಾಜ, ಒಂಬತ್ತು, ಏಳು, ಎರಡು, ಒಂದೇ ಬಣ್ಣದ ಕೂಟಕ್ಕೆ ಅವಕಾಶವಿಲ್ಲದ ಎಲೆಗಳು. ಮೇಷ್ಟರ ಕೈಯಲ್ಲಿ ಎರಡು ರಾಜ, ಎಂದರೆ ಒಟ್ಟು ಮೂರು ರಾಜ. ತರುಣನ ಕೈಯಲ್ಲಿ ಎರಡು ಎಕ್ಕ, ಎಂದರೆ ಮೂರು ಎಕ್ಕ. ಅದನ್ನು ಮೀರುವ ಕೈ ಆ ಎಲೆಗಳಲ್ಲಿ ಹುಟ್ಟುವಂತೆಯೇ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು.

ಮೇಷ್ಟರು ಪಣವಿಡುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದಾಗ ತರುಣ ತನ್ನ ಸರದಿಗೆ ಮೊದಲೇ ಒಂದು ಹಿಡಿ ಕಡ್ಡಿಯನ್ನು ಎತ್ತಿ ಮುಂದಕ್ಕೆ ಚಾಚಿದ, ಮೇಷ್ಟರ ಮುಖವನ್ನು ನೋಡಿದ, "ಓ, ನಿಮ್ಮ ಸರದಿಯೆ ಸಾರ್?" ಎಂದು ಕೈ ಹಿಂದೆಗೆದ. ಮೇಷ್ಟರು ತಮ್ಮಲ್ಲಿದ್ದ ಕಡ್ಡಿಯನ್ನೆಲ್ಲ ನಡುವಿಗಿಟ್ಟರು. ಆಗ ಈತ ತಲೆ ಕೆರೆದುಕೊಂಡ, ನಿಟ್ಟುಸಿರಿಟ್ಟ, "ಏನು ಮಾಡೋಣ ಮಾಮ?" ಎಂದು ವೈದ್ಯರನ್ನು ಕೇಳಿದ, ಎರಡು ನಿಮಿಷ ಸೂರು ನೋಡಿದ, ಸೋತವನ ದನಿಯಲ್ಲಿ "ಸರಿ" ಎಂದು ಕಡ್ಡಿ ಇಟ್ಟ. ಮೇಷ್ಟರು ಮೂರು ರಾಜರನ್ನು ತೋರಿಸಿದರು. "ಚೆನ್ನಾಗಿದೆ ಸಾರ್" ಎಂದು ಸುಮ್ಮನಾದ. ಮೇಷ್ಟರು ಮಗುವಿನಂತೆ ನಕ್ಕು ರಾಶಿಯ ಕಡೆಗೆ ಎರಡೂ ಕೈ ಚಾಚಿದರು. ಆಗ ಒಂದು ಎಕ್ಕ ಇಟ್ಟ. ಸ್ವಲ್ಪ ತಡೆದು ಇನ್ನೊಂದು ಎಕ್ಕ ಇಟ್ಟ.

ಎಲ್ಲರೂ ನಕ್ಕರು. ಆ ನಗೆಯಲ್ಲಿ ನನ್ನದೂ ಸೇರಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮೇಷ್ಟರ ಕೈ ಹಿಂದಕ್ಕೆ ಬಂದದ್ದನ್ನು ಕಂಡಮೇಲೆ ನಾನು ಹುಡುಗನಿಗೆ, "ಇದು ಸರಿಯಲ್ಲಪ್ಪ" ಎಂದೆ. ಅವನು ನಿಜವಾಗಿ ಆಶ್ಚರ್ಯಪಟ್ಟ. "ಯಾವ ರೂಲು ಮುರಿದೆ ಸಾರ್? ನೀವೂ ಬ್ಲಫ್ ಮಾಡುತ್ತೀರಲ್ಲ, ಅದು ಸುಳ್ಳಲ್ಲವೆ?" ಎಂದು ಕೇಳಿದ.

ಪ್ರಶ್ನೆ ಒಳ್ಳೆಯದು, ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಹೇಳುತ್ತೇನೆ. ಬ್ಲಫ್ ಸುಳ್ಳೇ ಸರಿ. ಆದರೆ ಅದು ಬೆಲೆ ತೆತ್ತು ಹೇಳಿದ ಸುಳ್ಳು. "ನನ್ನ ಕೈ ದೊಡ್ಡದು" ಎಂದು ಪಣದ ಮೂಲಕ ಹೇಳುವವನು ಆ ಮಾತಿನ ಜೊತೆಗೆ ತನ್ನ ಸ್ವತ್ತನ್ನೂ ಮೇಜಿನ ಮೇಲೆ ಇಡುತ್ತಾನೆ. ಎದುರಿನವನು ನಂಬದಿದ್ದರೆ ಇವನು ಕಳೆದುಕೊಳ್ಳುತ್ತಾನೆ. ಸುಳ್ಳಿಗೆ ದಂಡ ಅಲ್ಲಿಯೇ ಸಿದ್ಧವಾಗಿದೆ. ಆ ಹುಡುಗ ಕಡ್ಡಿ ಚಾಚಿ ಹಿಂದೆಗೆದನಲ್ಲ, ಅದಕ್ಕೆ ಅವನು ಏನು ತೆತ್ತ? ಏನೂ ಇಲ್ಲ. ಮೇಷ್ಟರ ಮುಖದಲ್ಲಿದ್ದ ಗುಟ್ಟನ್ನು ಬಿಟ್ಟಿಯಾಗಿ ಕದ್ದ. ಪೋಕರ್ ಬಲ್ಲವರು ಇಂಥ ನಡತೆಯನ್ನು ಆಂಗಲ್ ಶೂಟಿಂಗ್ ಎಂದು ಕರೆದು ಹೇಸುತ್ತಾರೆ. ಕೊನೆಯಲ್ಲಿ ಎಕ್ಕವನ್ನು ತಡೆಹಿಡಿದು ತೋರಿಸಿದ್ದು ಅದಕ್ಕಿಂತ ಕೀಳು. ಅದಕ್ಕೆ ಸ್ಲೋ ರೋಲ್ ಎಂದು ಹೆಸರು. ಪಣ ಮುಗಿದಿತ್ತು, ಗೆಲುವು ಅವನದೇ ಆಗಿತ್ತು. ತಡೆದದ್ದರಿಂದ ಒಂದು ಕಡ್ಡಿಯೂ ಹೆಚ್ಚಾಗಿ ಬರುವಂತಿರಲಿಲ್ಲ. ಸೋತವನ ಆಸೆಯನ್ನು ಒಂದು ಕ್ಷಣ ಬೆಳೆಸಿ ಮುರಿಯುವುದೊಂದೇ ಅದರ ಲಾಭ. ಇದು ಆಟವಲ್ಲ, ಹಿಂಸೆ.

ಪೋಕರಿನಲ್ಲಿ ಸುಳ್ಳಿಗೆ ಒಂದೇ ಒಂದು ಬಾಗಿಲು ತೆರೆದಿದೆ. ಅದು ಪಣದ ಬಾಗಿಲು. ಮಿಕ್ಕ ಬಾಗಿಲುಗಳನ್ನೆಲ್ಲ ಮುಚ್ಚುವುದಕ್ಕೇ ಮೇಜಿನ ಸಂಪ್ರದಾಯಗಳು ಹುಟ್ಟಿವೆ. ಸರದಿ ಬರುವವರೆಗೆ ಮಾತಿನಿಂದಾಗಲಿ ಕೈಸನ್ನೆಯಿಂದಾಗಲಿ ತನ್ನ ಉದ್ದೇಶವನ್ನು ತೋರಬಾರದು. ಸರದಿಯಲ್ಲಿ ಬಾಯಿಬಿಟ್ಟು ಹೇಳಿದ ಮಾತಿಗೆ ಕಟ್ಟುಬೀಳಬೇಕು. ಏರಿಸುವುದಾದರೆ ಎಷ್ಟೆಂದು ಹೇಳಿ ಒಂದೇ ಸಲಕ್ಕೆ ಇಡಬೇಕು. ಅರ್ಧ ಇಟ್ಟು, ಎದುರಿನವನ ಮುಖ ನೋಡಿ, ಮತ್ತರ್ಧ ಇಡಕೂಡದು. ಬಿಲ್ಲೆಗಳನ್ನು ಎಣಿಕೆಗೆ ಸಿಕ್ಕುವಂತೆ ಇಡಬೇಕು. ರಾಶಿಯ ಮೇಲೆ ಚೆಲ್ಲಬಾರದು. ದೊಡ್ಡ ಬೆಲೆಯ ಬಿಲ್ಲೆಗಳನ್ನು ಚಿಕ್ಕವುಗಳ ಹಿಂದೆ ಮರೆಮಾಡಬಾರದು. ಆಟದಿಂದ ಸರಿದವನು ಇನ್ನೂ ನಡೆಯುತ್ತಿರುವ ಆಟದ ವಿಷಯದಲ್ಲಿ ಬಾಯಿ ಹಾಕಬಾರದು. ಒಬ್ಬನಿಗೆ ಎಲೆ ತೋರಿಸಿದರೆ ಎಲ್ಲರಿಗೂ ತೋರಿಸಬೇಕು. ಒಂದು ಕೈಯನ್ನು ಒಬ್ಬನೇ ಆಡಬೇಕು. ಇವುಗಳಲ್ಲಿ ಅಲಂಕಾರಕ್ಕಾಗಿ ಇರುವುದು ಒಂದೂ ಇಲ್ಲ. ಒಂದೊಂದೂ ಬಿಟ್ಟಿಸುಳ್ಳಿನ ಒಂದೊಂದು ದಾರಿಗೆ ಹಾಕಿದ ಬೇಲಿ.

ಈ ಬೇಲಿ ಕಟ್ಟಿದವರು ಮಾಡಲು ಕೆಲಸವಿಲ್ಲದ ಶ್ರೀಮಂತರೆಂದು ತಿಳಿಯಬೇಡಿ. ಪೋಕರ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ನ್ಯೂ ಆರ್ಲಿಯನ್ಸಿನಲ್ಲಿಯೂ ಮಿಸಿಸಿಪಿ ನದಿಯ ಹಬೆದೋಣಿಗಳಲ್ಲಿಯೂ ಬೆಳೆದ ಆಟ. ಆಗ ಇಪ್ಪತ್ತೇ ಎಲೆ. ಐವತ್ತೆರಡು ಬಂದದ್ದು ಆಮೇಲೆ. ಆ ದೋಣಿಗಳಲ್ಲಿ ಪ್ರಯಾಣಿಕರನ್ನು ಸುಲಿಯುವುದನ್ನೇ ವೃತ್ತಿ ಮಾಡಿಕೊಂಡವರ ತಂಡಗಳಿದ್ದುವು. 1835ರ ಜುಲೈಯಲ್ಲಿ ನದೀತೀರದ ವಿಕ್ಸ್‌ಬರ್ಗ್ ಪಟ್ಟಣದ ಜನ ರೊಚ್ಚಿಗೆದ್ದು ಐವರು ಜೂಜುಗಾರರನ್ನು ವಿಚಾರಣೆಯಿಲ್ಲದೆ ನೇಣಿಗೆ ಹಾಕಿದರು. ತಾನೂ ಮೋಸದ ಜೂಜುಗಾರನಾಗಿದ್ದು ಆಮೇಲೆ ಮನಸ್ಸು ತಿರುಗಿದ ಜೊನಾಥನ್ ಗ್ರೀನ್ ಎಂಬುವನು 1843ರಲ್ಲಿ ಈ ವಂಚನೆಗಳನ್ನು ಬಯಲಿಗೆಳೆದು ಒಂದು ಪುಸ್ತಕವನ್ನೇ ಬರೆದ. 1876ರ ಆಗಸ್ಟ್ 2ರಂದು ಡೆಡ್‌ವುಡ್ ಎಂಬ ಗಣಿಯೂರಿನಲ್ಲಿ ಪೋಕರ್ ಆಡುತ್ತ ಕುಳಿತಿದ್ದ ವೈಲ್ಡ್ ಬಿಲ್ ಹಿಕಾಕ್ ಬೆನ್ನ ಹಿಂದಿನಿಂದ ಬಂದ ಗುಂಡಿಗೆ ಬಲಿಯಾದ. ಸೊಂಟದಲ್ಲಿ ಪಿಸ್ತೂಲಿರುವ ಅಪರಿಚಿತರ ಜೊತೆ ಕುಳಿತು ಸುಳ್ಳಿನ ಆಟವಾಡಬೇಕಾದರೆ, ಯಾವ ಸುಳ್ಳು ಆಟದ್ದು, ಯಾವ ಸುಳ್ಳು ಮೋಸದ್ದು ಎಂದು ಮೊದಲೇ ಗೆರೆ ಎಳೆದುಕೊಳ್ಳದೆ ಗತಿಯಿಲ್ಲ. ಎಲೆ ಕಲಸುವವನೊಬ್ಬ, ಕಟ್ಟನ್ನು ಒಡೆಯುವವನೊಬ್ಬ. ಎಲೆಯೂ ಬಿಲ್ಲೆಯೂ ಸದಾ ಎಲ್ಲರ ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ. ಸಭ್ಯತೆ ಇಲ್ಲಿ ಬದುಕಿ ಉಳಿಯುವ ಉಪಾಯವಾಗಿತ್ತು.

ಎಲೆ ಹಂಚುವ ಸರದಿ ಯಾರದೆಂದು ಗುರುತಿಸಲು ಮುಂದಿಡುತ್ತಿದ್ದ ವಸ್ತುವಿಗೆ ಅಮೆರಿಕದಲ್ಲಿ ಬಕ್ ಎನ್ನುತ್ತಿದ್ದರು. ಹಂಚಲು ಇಷ್ಟವಿಲ್ಲದವನು ಅದನ್ನು ಪಕ್ಕದವನಿಗೆ ದಾಟಿಸಬಹುದಾಗಿತ್ತು. ಹೊಣೆಯನ್ನು ಇನ್ನೊಬ್ಬನ ಮೇಲೆ ದಾಟಿಸುವುದಕ್ಕೆ ಅವರ ನುಡಿಗಟ್ಟು ಬಂದದ್ದು ಅಲ್ಲಿಂದ. ಹೊಣೆ ಇಲ್ಲಿಗೆ ನಿಲ್ಲುತ್ತದೆ ಎಂಬ ಅರ್ಥದ ಫಲಕವನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದ ಅಧ್ಯಕ್ಷ ಟ್ರೂಮನ್ ಸ್ವತಃ ಪೋಕರ್ ಪ್ರಿಯರು. 1946ರ ಮಾರ್ಚಿಯಲ್ಲಿ ಚರ್ಚಿಲ್ಲರನ್ನು ಫುಲ್ಟನ್ ಊರಿಗೆ ಕರೆದೊಯ್ಯುವ ರೈಲಿನಲ್ಲಿ ಆಟ ಹೂಡಿದರು. ಚರ್ಚಿಲ್ಲರಿಗೆ ಆಟ ಅಷ್ಟಾಗಿ ಬಾರದು. ಅತಿಥಿಯನ್ನು ಪೂರ್ತಿ ಸುಲಿಯಲೂ ಬಾರದು, ಬೇಕೆಂದೇ ಸೋತು ಅವಮಾನಿಸಲೂ ಬಾರದು ಎಂಬ ಇಕ್ಕಟ್ಟಿನಲ್ಲಿ ತಾವೆಲ್ಲ ಆಡಿದೆವೆಂದು ಆ ಮೇಜಿನಲ್ಲಿದ್ದ ಕ್ಲಾರ್ಕ್ ಕ್ಲಿಫರ್ಡ್ ಮುಂದೆ ನೆನಪಿಸಿಕೊಂಡಿದ್ದಾರೆ. ಗೆಲ್ಲಬಲ್ಲವನಿಗೆ ಎಷ್ಟು ಗೆಲ್ಲಬೇಕೆಂಬುದೂ ಗೊತ್ತಿರಬೇಕು. ಇದನ್ನು ಯಾವ ನಿಯಮದ ಪುಸ್ತಕವೂ ಹೇಳಿಕೊಡುವುದಿಲ್ಲ.

ಲಾಸ್ ವೇಗಸ್ಸಿನ ಉದಾಹರಣೆ ಇನ್ನೂ ಸೊಗಸಾದದ್ದು. 1970ರಲ್ಲಿ ಬೆನ್ನಿ ಬಿನಿಯನ್ ಎಂಬುವನು ತನ್ನ ಕ್ಯಾಸಿನೋದಲ್ಲಿ ನುರಿತ ಆಟಗಾರರನ್ನು ಕೂಡಿಸಿ ಪೋಕರಿನ ವಿಶ್ವಸ್ಪರ್ಧೆಯನ್ನು ಆರಂಭಿಸಿದ. ಆ ಮೊದಲ ವರ್ಷ ವಿಜೇತನನ್ನು ಆರಿಸಿದ್ದು ಬಿಲ್ಲೆಯ ಎಣಿಕೆಯಿಂದಲ್ಲ, ಆಟಗಾರರ ಮತದಿಂದ. ಜಾನಿ ಮಾಸ್ ಎಂಬ ಹಿರಿಯನಿಗೆ ಎದುರಾಳಿಗಳೇ ಮತ ಕೊಟ್ಟರು. ಬೆಳ್ಳಿಯ ಬಟ್ಟಲು ಅವನದಾಯಿತು. ಮರುವರ್ಷದಿಂದ, ಬಿಲ್ಲೆ ಕಳೆದುಕೊಂಡವರೆಲ್ಲ ಏಳುತ್ತ ಹೋಗಿ ಕೊನೆಗೆ ಉಳಿದವನೇ ಗೆದ್ದವನೆಂಬ ಪದ್ಧತಿ ಬಂತು. ಅದು ನ್ಯಾಯವಾದ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೋತವರು ಮನಸಾರೆ ಮತ ಕೊಡುವಂತೆ ಗೆಲ್ಲುವುದು ಒಂದು ಬೇರೆಯೇ ಗೆಲುವು. ಅಂಥ ಮತದಾನ ನಮ್ಮ ಮೇಜಿನಲ್ಲಿ ನಡೆದಿದ್ದರೆ ಆ ತರುಣನಿಗೆ ಎಷ್ಟು ಮತ ಬರುತ್ತಿತ್ತು?

ನಾನು ಕನ್ನಡದ ಮೇಷ್ಟ್ರು. ದ್ಯೂತಪ್ರಸಂಗವನ್ನು ಹಲವು ಸಲ ಪಾಠ ಹೇಳಿದವನು. ಪೋಕರಿನ ಸಂಪ್ರದಾಯಗಳನ್ನು ಕಲಿತಮೇಲೆ ಆ ಪ್ರಸಂಗ ನನಗೆ ಬೇರೆ ಬೆಳಕಿನಲ್ಲಿ ಕಾಣತೊಡಗಿದೆ. ಪಣ ದುರ್ಯೋಧನನದು, ದಾಳ ಉರುಳಿಸಿದ್ದು ಶಕುನಿ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ವ್ಯಾಸಭಾರತದಲ್ಲಿ ಧರ್ಮರಾಯ ಆಟಕ್ಕೆ ಮೊದಲೇ ಆಕ್ಷೇಪಿಸುತ್ತಾನೆ, ಆಕ್ಷೇಪಿಸಿಯೂ ಕೂರುತ್ತಾನೆ. ಒಂದು ಕೈ ಒಬ್ಬನದೇ ಎಂಬ ನಿಯಮ ಅಲ್ಲಿಯೇ ಮುರಿಯಿತು. ಪೋಕರಿನಲ್ಲಿ ಇನ್ನೊಂದು ಹಳೆಯ ಕಟ್ಟಳೆಯಿದೆ: ಎಲೆ ಹಂಚುವ ಮೊದಲು ಮೇಜಿನ ಮೇಲೆ ಏನಿತ್ತೋ ಅಷ್ಟನ್ನು ಮಾತ್ರ ಆ ಆಟದಲ್ಲಿ ಪಣಕ್ಕಿಡಬಹುದು. ಜೇಬಿಗೆ ಕೈ ಹಾಕುವಂತಿಲ್ಲ, ಮನೆಪತ್ರ ತರುವಂತಿಲ್ಲ. ಈ ಕಟ್ಟಳೆಯಿರುವ ಮೇಜಿನಲ್ಲಿ ತಮ್ಮಂದಿರನ್ನೂ ತನ್ನನ್ನೂ ಹೆಂಡತಿಯನ್ನೂ ಒಡ್ಡುವುದು ಸಾಧ್ಯವೇ ಇರಲಿಲ್ಲ. ತನ್ನನ್ನು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಂದ ಬಂತು ಎಂದು ದ್ರೌಪದಿ ಕೇಳಿದಳಲ್ಲ, ಅದು ಈ ಕಟ್ಟಳೆಯ ಪ್ರಶ್ನೆಯೇ. ಸಭೆಯಲ್ಲಿದ್ದ ಹಿರಿಯರು ಉತ್ತರ ಹೇಳದೆ ತಲೆ ತಗ್ಗಿಸಿದರು. ರಾಜ್ಯ ಹೋದದ್ದಕ್ಕೆ ಭೀಮ ಪ್ರತಿಜ್ಞೆ ಮಾಡಲಿಲ್ಲ. ಗೆದ್ದವರು ಸೋತವರ ಮುಂದೆ ನಡೆದುಕೊಂಡ ರೀತಿಗೆ ಮಾಡಿದ. ಜೂಜಿಗೆ ಎಂಥ ಮರ್ಯಾದೆ ಎಂದು ಕೇಳುವ ನನ್ನ ಸಂಭಾವಿತ ಮಿತ್ರರು ಆ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು. ಅಲ್ಲಿ ಜೂಜೂ ಇತ್ತು, ಮರ್ಯಾದೆ ಹೋಗಿತ್ತು. ಎರಡನೆಯದರಿಂದಾದ ಕೇಡು ಮೊದಲನೆಯದಕ್ಕಿಂತ ಕಡಮೆಯಲ್ಲ.

ಜೂಜಿನಿಂದ ಮನೆ ಹಾಳಾಗುವುದನ್ನು ನಾನು ಅಲ್ಲಗಳೆಯುವವನಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನ ಗೋಳಿನ ಸೂಕ್ತವೊಂದಿದೆ. ಅಂದಿನಿಂದ ಇಂದಿನವರೆಗೆ ಆ ಗೋಳು ನಿಂತಿಲ್ಲ. ಕಾಯಿದೆಯೂ ತನ್ನ ಕೈಲಾದದ್ದನ್ನು ಮಾಡುತ್ತ ಬಂದಿದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಮುಖ್ಯವಾಗಿ ಇರುವುದು ನೈಪುಣ್ಯವೆಂದೂ ಮೂರೆಲೆಯ ಆಟ ಬರಿಯ ಅದೃಷ್ಟವೆಂದೂ ಬೇರ್ಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂತರಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಇವೆಲ್ಲ ಆಟವನ್ನು ಆಡಬಹುದೆ ಎಂಬ ಪ್ರಶ್ನೆಗೆ ಉತ್ತರ. ಹೇಗೆ ಆಡಬೇಕು ಎಂಬುದಕ್ಕೆ ಕಾಯಿದೆಯಲ್ಲಿ ಉತ್ತರವಿಲ್ಲ, ಇರುವುದೂ ಸಾಧ್ಯವಿಲ್ಲ. ಎಲೆಗಳನ್ನು ಮುಟ್ಟದವರೂ ಮರೆಯಬಾರದ ಮಾತೊಂದಿದೆ. 1870ರ ದಶಕದಲ್ಲಿ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ರಾಬರ್ಟ್ ಶೆಂಕ್ ಎಂಬ ಮಹನೀಯರು ಇಂಗ್ಲಿಷ್ ಶ್ರೀಮಂತರಿಗೆ ಪೋಕರ್ ಕಲಿಸಿ ಅದರ ನಿಯಮಗಳನ್ನು ಬರೆದುಕೊಟ್ಟರು. ಅದೇ ಕಾಲದಲ್ಲಿ, ಬರಿದಾಗಲಿದ್ದ ಬೆಳ್ಳಿಗಣಿಯೊಂದರ ಷೇರುಗಳ ಮಾರಾಟಕ್ಕೆ ತಮ್ಮ ಹೆಸರನ್ನೂ ಕೊಟ್ಟರು. ಅದು ದೊಡ್ಡ ಹಗರಣವಾಗಿ 1876ರಲ್ಲಿ ಅವರು ಪದವಿ ಬಿಡಬೇಕಾಯಿತು. ಅವರ ಮಾತು ನಂಬಿ ಕೆಟ್ಟವರು ಕೆಟ್ಟದ್ದು ಎಲೆಯ ಮೇಜಿನಲ್ಲಲ್ಲ, ಸಂಭಾವಿತರ ವ್ಯವಹಾರದಲ್ಲಿ.

ಇನ್ನು ನಮ್ಮ ತರುಣ. ಅವನನ್ನು ಕೆಟ್ಟವನೆಂದು ನಾನು ಹೇಳಲಾರೆ. ಅವನು ಆಟ ಕಲಿತದ್ದು ಮೊಬೈಲಿನ ಗಾಜಿನ ಮೇಲೆ. ಅಲ್ಲಿ ಸರದಿ ತಪ್ಪಿ ಪಣವಿಡಲು ಯಂತ್ರ ಬಿಡುವುದಿಲ್ಲ. ಅರ್ಧ ಇಟ್ಟು ಅರ್ಧ ಹಿಡಿಯಲು ಆಗುವುದಿಲ್ಲ. ಆಟ ಮುಗಿದೊಡನೆ ಗೆದ್ದ ಎಲೆಯನ್ನು ಯಂತ್ರವೇ ತಿರುಗಿಸಿ ತೋರಿಸುತ್ತದೆ. ಮರ್ಯಾದೆಯ ಕೆಲಸವನ್ನೆಲ್ಲ ಯಂತ್ರ ವಹಿಸಿಕೊಂಡಿತು. ಹುಡುಗನಿಗೆ ಅದನ್ನು ಕಲಿಯುವ ಪ್ರಮೇಯವೇ ಬರಲಿಲ್ಲ. ಯಂತ್ರ ತಡೆಯದಿರುವುದೆಲ್ಲ ಮಾಡತಕ್ಕದ್ದೇ ಎಂದು ಮಾತ್ರ ಅವನು ಕಲಿತ. ಅಂಥವನು ನಿಜವಾದ ಮೇಜಿಗೆ, ಎದುರಿಗೆ ಉಸಿರಾಡುವ ಮನುಷ್ಯನಿರುವ ಮೇಜಿಗೆ ಬಂದಾಗ, ಎಲ್ಲಿ ಯಂತ್ರವಿಲ್ಲವೋ ಅಲ್ಲೆಲ್ಲ ಅವನಿಗೆ ಸಂದು ಕಾಣುತ್ತದೆ. 'ಯಾವ ರೂಲು ಮುರಿದೆ?' ಎಂಬ ಪ್ರಶ್ನೆ ಇಂದು ಎಲೆಯ ಮೇಜಿನಲ್ಲಿ ಮಾತ್ರ ಕೇಳುತ್ತಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ನಾನು ಅದನ್ನು ಕೇಳಿದ್ದೇನೆ. ಬಸ್ಸಿನ ಸಾಲಿನಲ್ಲಿ ನೀವು ಕೇಳಿರುತ್ತೀರಿ.

ಫಲವನ್ನು ನೋಡುವ ನನ್ನ ಇನ್ನೊಬ್ಬ ಮಿತ್ರರಿಗೆ ಒಂದು ಮಾತು. ಮಿಕ್ಕದ್ದೆಲ್ಲ ದಾಕ್ಷಿಣ್ಯ ಎಂದರಲ್ಲ. ಆ ದಾಕ್ಷಿಣ್ಯವನ್ನು ತೆಗೆದುಹಾಕಿ ನೋಡಿ. ಮುಂದಿನ ಭಾನುವಾರ ಮೇಷ್ಟರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಅವರ ಮನೆಗೆ ಹೋದೆ. ಮೊಣಕಾಲು ನೋವು ಎಂದರು. ಕಾಫಿ ಮಾಡಿ ಕೊಟ್ಟರು. ಎದ್ದು ಹೊರಡುವಾಗ ತಾವೇ ಹೇಳಿದರು: "ಸೋತದ್ದಕ್ಕಲ್ಲ ಕಣಪ್ಪ. ಕೈ ಚಾಚಿಬಿಟ್ಟಿದ್ದೆನಲ್ಲ."

ಗೆದ್ದ ಹುಡುಗನಿಗೆ ಸಿಕ್ಕಿದ್ದು ಬೆಂಕಿಕಡ್ಡಿ. ನಮ್ಮ ಮೇಜು ಕಳೆದುಕೊಂಡದ್ದು ಒಬ್ಬ ಮನುಷ್ಯನನ್ನು. ಮನುಷ್ಯರು ಒಬ್ಬೊಬ್ಬರಾಗಿ ಏಳುತ್ತ ಹೋದರೆ, ಗೆಲ್ಲಬಲ್ಲವನು ಆಮೇಲೆ ಯಾರೊಡನೆ ಆಡಿ ಗೆಲ್ಲುತ್ತಾನೆ?

ಆದ್ದರಿಂದ ಪೋಕರ್ ಕಲಿಸುವವರಲ್ಲಿ ನನ್ನದೊಂದು ವಿಜ್ಞಾಪನೆ. ಯಾವ ಕೈ ಯಾವುದಕ್ಕಿಂತ ಮೇಲು ಎಂಬುದನ್ನು ಆಮೇಲೆ ಕಲಿಸಿ. ಮೊದಲು ಗೆದ್ದ ಎಲೆಯನ್ನು ತೋರಿಸುವುದು ಹೇಗೆಂದು ಕಲಿಸಿ: ಸರದಿ ಬಂದೊಡನೆ, ಎರಡನ್ನೂ ಒಟ್ಟಿಗೆ, ತಡೆಯದೆ, ಎದುರಿನವನು ಕೈ ಚಾಚುವ ಮೊದಲು. ನಮ್ಮ ಮೇಜಿಗೆ ಆ ತರುಣ ಮತ್ತೆ ಬರುವುದಾದರೆ ಬರಲಿ, ನನ್ನದೇನೂ ಅಡ್ಡಿಯಿಲ್ಲ. ಬರುವ ದಾರಿಯಲ್ಲಿ ಮೇಷ್ಟರ ಮನೆಯ ಬಾಗಿಲು ತಟ್ಟಿ, ಅವರನ್ನು ಜೊತೆಗೆ ಕರೆದುಕೊಂಡು ಬರಲಿ. ಅಂದು ಅವನ ಜೊತೆ ನಕ್ಕವರಲ್ಲಿ ನಾನೂ ಒಬ್ಬನಾದ್ದರಿಂದ, ಆ ಬಾಗಿಲಿನವರೆಗೆ ನಾನೂ ಬರುತ್ತೇನೆ.